ಪ್ರಾಣಿಶಾಸ್ತ್ರ ಎಂ.ಎಸ್ಸಿ ಆದಮೇಲೆ ಲ್ಯಾಬಿಗೆ ಹೋಗಲಾ, ಬಿ.ಎಡ್‌ಗೆ ಹೋಗಲಾ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ ಪ್ರಾಣಿಶಾಸ್ತ್ರ ಮೂರನೇ ಸೆಮಿಸ್ಟರ್. ಹಾಸನದ ಕಡೆಯವಳು. ಮಾಲಿಕ್ಯುಲರ್ ಬಯಾಲಜಿ, ಸೆಲ್ ಬಯಾಲಜಿ ಅಂದ್ರೆ ನಂಗೆ ಪ್ರಾಣ. ಪಿಎಚ್.ಡಿ ಮಾಡಿ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡ್ಬೇಕು ಅಂತ ಆಸೆ. ಅಪ್ಪ "ಬಿ.ಎಡ್ ಮಾಡ್ಕೋ, ಒಂದು ಕೆಲಸ ಅಂತ ಆಗತ್ತೆ" ಅಂತಾರೆ. ಇದರಲ್ಲಿ ಕೆಲಸ ಸಿಗತ್ತಾ? ಎಷ್ಟು ವರ್ಷ ಹಿಡಿಯತ್ತೆ? ಯಾವ ಪರೀಕ್ಷೆ ಬರೀಬೇಕು? ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಪಿಸಿಆರ್ ಮೆಷಿನ್ ಇದೆ, ಆದ್ರೆ ನಾವ್ಯಾರೂ ಮುಟ್ಟಿಲ್ಲ. ಇಂಥ ಕಡೆ ಓದಿದವರನ್ನ ದೊಡ್ಡ ಸಂಸ್ಥೆಯವರು ತಗೋತಾರಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಆ ಪಿಸಿಆರ್ ಮೆಷಿನ್, ಡಿಎನ್‌ಎಯ ಒಂದು ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡುವ ಯಂತ್ರ. ಕೆಲಸ, ಸಂಬಳ, ಪರೀಕ್ಷೆ ಎಲ್ಲದಕ್ಕೂ ಬರುತ್ತೇನೆ. ಆದರೆ ಒಂದೂವರೆ ವರ್ಷ ಒಂದೇ ಕಟ್ಟಡದಲ್ಲಿದ್ದೂ ಅದನ್ನು ಮುಟ್ಟಿಲ್ಲ ಅಂದರೆ, ನಿಮ್ಮದು ಸದ್ಯಕ್ಕೆ ಪುಸ್ತಕದ ಮೇಲಿನ ಪ್ರೀತಿ. ತಪ್ಪು ತಿಳಿಯಬೇಡಿ, ನನ್ನದೂ ಹಾಗೇ ಇತ್ತು. ಡಿಎನ್‌ಎ ಎಳೆ ಬಿಚ್ಚಿಕೊಳ್ಳುವ ಚಿತ್ರ ನೋಡಿ ಮರುಳಾದವಳು ನಾನು. ಲ್ಯಾಬಿನಲ್ಲಿ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತದೆ ಅಂತ ಗೊತ್ತಾಗಿದ್ದು ಆಮೇಲೆ.

ಹಾಗಾಗಿ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಪಿಎಚ್.ಡಿಗೆ ಸಹಿ ಹಾಕುವ ಮುಂಚೆ, ನಿಜವಾಗಿ ಕೆಲಸ ನಡೆಯುತ್ತಿರುವ ಒಂದು ಲ್ಯಾಬಿನಲ್ಲಿ ಆರು ತಿಂಗಳು ಕಳೆಯಿರಿ. ಈ ಕೆಲಸ ನಿಮ್ಮ ಕೈಗೆ, ಮನಸ್ಸಿಗೆ ಒಗ್ಗುತ್ತದೋ ಇಲ್ಲವೋ ಅಂತ ಆರು ವರ್ಷ ಕೊಟ್ಟು ತಿಳಿದುಕೊಳ್ಳುವುದು ದುಬಾರಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ವೆಸ್ಟರ್ನ್ ಬ್ಲಾಟ್, ಅಂದರೆ ಜೀವಕೋಶದಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ಇದೆಯೇ ಅಂತ ಪತ್ತೆ ಮಾಡುವ ವಿಧಾನ, ನಿಮ್ಮ ನೋಟ್ಸಿನಲ್ಲಿ ಅರ್ಧ ಪುಟ ಇರುತ್ತದೆ. ಐದು ಅಂಕದ ಪ್ರಶ್ನೆ. ಲ್ಯಾಬಿನಲ್ಲಿ ಅದು ಮೂರು ದಿನದ ಕೆಲಸ. ಮೊದಲ ದಿನ ಜೀವಕೋಶಗಳನ್ನು ಒಡೆದು, ಪ್ರೋಟೀನ್ ಎಷ್ಟಿದೆ ಅಂತ ಅಳೆದು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬಿಡಿಸಲು ಜೆಲ್ ಓಡಿಸುತ್ತೀರಿ. ಆ ಪ್ರೋಟೀನುಗಳು ಜೆಲ್‌ನಿಂದ ಒಂದು ತೆಳು ಪೊರೆಗೆ ದಾಟಲಿ ಅಂತ ರಾತ್ರಿಯಿಡೀ ತಣ್ಣನೆ ಕೋಣೆಯಲ್ಲಿ ಕರೆಂಟ್ ಕೊಟ್ಟು ಇಡುತ್ತೀರಿ. ಎರಡನೇ ದಿನ ಪೊರೆಯನ್ನು ಕೆನೆ ತೆಗೆದ ಹಾಲಿನ ಪುಡಿ ಕದಡಿದ ದ್ರಾವಣದಲ್ಲಿ ನೆನೆಸುತ್ತೀರಿ. ಹೌದು, ಹಾಲಿನ ಪುಡಿಯೇ. ನಮ್ಮ ಲ್ಯಾಬಿನ ಡಬ್ಬಿಯ ಮೇಲೆ ಯಾರೋ "ಕಾಫಿಗಲ್ಲ" ಅಂತ ಬರೆದಿದ್ದರು. ಆಮೇಲೆ ನಾವು ಹುಡುಕುವ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ ಇನ್ನೊಂದು ರಾತ್ರಿ ಬಿಡುತ್ತೀರಿ. ಮೂರನೇ ದಿನ ತೊಳೆದು, ಎರಡನೇ ಆಂಟಿಬಾಡಿ ಹಾಕಿ, ಮತ್ತೆ ತೊಳೆದು ಕತ್ತಲೆ ಕೋಣೆಗೆ ಹೋಗುತ್ತೀರಿ. ಹುಡುಕುವ ಪ್ರೋಟೀನ್ ಇದ್ದರೆ ಅಲ್ಲಿ ಫಿಲ್ಮಿನ ಮೇಲೆ ಗೆರೆ ಮೂಡುತ್ತದೆ.

ನನ್ನ ಮೊದಲ ಬ್ಲಾಟಿನ ಫಿಲ್ಮ್ ಪೂರ್ತಿ ಖಾಲಿ ಬಂತು. ಒಂದು ಗೆರೆಯೂ ಇಲ್ಲ. ಆಂಟಿಬಾಡಿ ಹಳೇದಿರಬೇಕು ಅಂದುಕೊಂಡು ಮತ್ತೆ ಮೂರು ದಿನ ಮಾಡಿದೆ. ಮತ್ತೆ ಖಾಲಿ. ಮೂರನೇ ಸಲವೂ ಹಾಗೇ ಆದಾಗ ಪಕ್ಕದ ಬೆಂಚಿನ ಸೀನಿಯರ್ ಅಕ್ಕ ಬಂದು, "ಪಾನ್ಸೋ ಹಾಕಿ ನೋಡಿದ್ಯೇನೇ?" ಅಂತ ಕೇಳಿದರು. ಪಾನ್ಸೋ ಅಂದರೆ ಕೆಂಪು ಬಣ್ಣ. ಪೊರೆಯ ಮೇಲೆ ಸುರಿದರೆ ಪ್ರೋಟೀನ್ ಇರುವ ಕಡೆಯೆಲ್ಲ ಐದೇ ನಿಮಿಷದಲ್ಲಿ ಕೆಂಪು ಗೆರೆ ಮೂಡುತ್ತದೆ, ತೊಳೆದರೆ ಹೋಗುತ್ತದೆ. ನಾನು ಹಾಕಿರಲಿಲ್ಲ. ನಾಲ್ಕನೇ ಸಲ ಹಾಕಿದೆ. ಪೊರೆ ಬೆಳ್ಳಗೆ ಹಾಗೇ ಇತ್ತು. ಅಲ್ಲಿ ಪ್ರೋಟೀನೇ ಇರಲಿಲ್ಲ! ಜೆಲ್‌ನಲ್ಲಿರುವ ಪ್ರೋಟೀನುಗಳಿಗೆ ಮೈನಸ್ ಚಾರ್ಜ್ ಇರುತ್ತದೆ, ಅವು ಪ್ಲಸ್ ಕಡೆಗೆ ಓಡುತ್ತವೆ. ನಾನು ಪೊರೆಯನ್ನು ಜೆಲ್‌ನ ಮೈನಸ್ ಕಡೆಗೆ ಜೋಡಿಸುತ್ತಿದ್ದೆ. ನಾಲ್ಕು ರಾತ್ರಿಯ ಪ್ರೋಟೀನೆಲ್ಲ ಬಫರಿಗೆ ಹೋಗಿ, ಬೆಳಿಗ್ಗೆ ಸಿಂಕಿಗೆ ಹೋಗಿತ್ತು.

ಇದು ನಗುವಂಥ ತಪ್ಪು. ನಗಲಾಗದಂಥವೂ ಇವೆ. ನಾನು ಕೆಲಸ ಮಾಡಿದ ಒಂದು ಲ್ಯಾಬಿನಲ್ಲಿ ಸೆಲ್ ಕಲ್ಚರಿಗೆ, ಅಂದರೆ ತಟ್ಟೆಯಲ್ಲಿ ಬೆಳೆಸುವ ಜೀವಕೋಶಗಳಿಗೆ, ಮೈಕೋಪ್ಲಾಸ್ಮಾ ಅನ್ನುವ ತೀರಾ ಚಿಕ್ಕ ಬ್ಯಾಕ್ಟೀರಿಯಾ ಹೊಕ್ಕಿತ್ತು. ಬೇರೆ ಬ್ಯಾಕ್ಟೀರಿಯಾ ಬಿದ್ದರೆ ಸೆಲ್ ಬೆಳೆಸುವ ದ್ರವ, ಮೀಡಿಯಾ, ಮಾರನೇ ದಿನವೇ ಮಬ್ಬಾಗುತ್ತದೆ, ಗೊತ್ತಾಗುತ್ತದೆ. ಇದು ಮಬ್ಬಾಗುವುದಿಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದೂ ಇಲ್ಲ. ಸೆಲ್‌ಗಳು ಬದುಕಿಯೇ ಇರುತ್ತವೆ, ಆದರೆ ಅವುಗಳ ನಡವಳಿಕೆ ಬೇರೆಯಾಗಿಬಿಡುತ್ತದೆ. ಟೆಸ್ಟ್ ಮಾಡಿಸುವಷ್ಟರಲ್ಲಿ ಆರು ತಿಂಗಳ ಡೇಟಾ ನಂಬುವ ಹಾಗಿರಲಿಲ್ಲ. ಎಲ್ಲ ಬಿಸಾಡಿದೆವು. ಇನ್‌ಕ್ಯುಬೇಟರ್ ತೊಳೆದು, ನೈಟ್ರೋಜನ್ ಟ್ಯಾಂಕಿನಿಂದ ಮೊದಲೇ ಹೆಪ್ಪುಗಟ್ಟಿಸಿಟ್ಟ ಸೆಲ್‌ಗಳ ಹಳೆಯ ಶೀಶೆ ತೆಗೆದು, ಮೊದಲಿಂದ ಶುರು ಮಾಡಿದೆವು.

ಈ ಕಥೆ ಹೆದರಿಸೋಕೆ ಹೇಳಿದ್ದಲ್ಲ. ಮೂರನೇ ಖಾಲಿ ಫಿಲ್ಮ್ ನೋಡಿದಾಗ ಕೆಲವರಿಗೆ ಮನೆಗೆ ಹೋಗೋಣ ಅನಿಸುತ್ತದೆ. ಕೆಲವರಿಗೆ ಸಿಟ್ಟು ಬಂದು, ಇದ್ಯಾಕೆ ಹೀಗಾಗ್ತಿದೆ ನೋಡೇಬಿಡೋಣ ಅನಿಸುತ್ತದೆ. ಎರಡೂ ಸಹಜ. ನೀವು ಯಾರು ಅಂತ ಪುಸ್ತಕ ಹೇಳುವುದಿಲ್ಲ, ನಿಮ್ಮ ಅಂಕಪಟ್ಟಿಯೂ ಹೇಳುವುದಿಲ್ಲ.

ಈ ಆರು ತಿಂಗಳು ಎಲ್ಲಿ ಸಿಗುತ್ತದೆ? ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟ್ ನಿಮ್ಮ ಕೈಯಲ್ಲೇ ಇದೆ. ಎಷ್ಟೋ ಕಡೆ ಅದನ್ನು ಸುಮ್ನೆ ಬೈಂಡ್ ಮಾಡಿಸಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಹೊರಗಿನ ಲ್ಯಾಬಿನಲ್ಲಿ ಮಾಡಲು ಡಿಪಾರ್ಟ್‌ಮೆಂಟಿನಲ್ಲಿ ಅನುಮತಿ ಕೇಳಿ. ನಿಮ್ಮ ಜೂನಿಯರುಗಳಿಗೂ ಒಂದು ಮಾತು ಹೇಳಿ: ಬೆಂಗಳೂರು, ದೆಹಲಿ, ಪ್ರಯಾಗರಾಜದ (ಹಿಂದಿನ ಅಲಹಾಬಾದ್) ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಕೂರಿಸಿ, ಮೇಲೆ ಖರ್ಚಿಗೂ ಕೊಡುತ್ತಾರೆ. ಚಳಿಗಾಲದ ಹೊತ್ತಿಗೆ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆಗಳ ಮಕ್ಕಳು ಇದನ್ನು ತಪ್ಪಿಸಿಕೊಳ್ಳುವುದು ಬುದ್ಧಿ ಕಡಿಮೆಯಾಗಿ ಅಲ್ಲ, ನೋಟಿಸ್ ಕಣ್ಣಿಗೆ ಬೀಳದೆ.

ದೊಡ್ಡ ಮೆಷಿನ್ ಇಲ್ಲದಿದ್ದರೆ ಏನೂ ಆಗಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ನೋಡಿ. ಅಲ್ಲಿ ಹಣ್ಣಿನ ನೊಣ ಡ್ರೊಸೊಫಿಲಾದ ಕೆಲಸ ದಶಕಗಳಿಂದ ನಡೆದಿದೆ. ನೊಣಗಳ ಊಟ ಏನು ಗೊತ್ತಾ? ರವೆ, ಬೆಲ್ಲ, ಅಗರ್, ಬೂಷ್ಟು ಬರದ ಹಾಗೆ ಸ್ವಲ್ಪ ಪ್ರೊಪಿಯೋನಿಕ್ ಆಸಿಡ್. ಕುದಿಸುವಾಗ ಕಾರಿಡಾರೆಲ್ಲ ಸಜ್ಜಿಗೆ ಮಾಡಿದ ಹಾಗೆ ವಾಸನೆ. ಅಲ್ಲಿ ಎಚ್.ಎ. ರಂಗನಾಥ್ ಮತ್ತು ಅವರ ಜೊತೆಗಾರರು ಎರಡು ಹತ್ತಿರದ ಬಳಗದ ನೊಣಗಳನ್ನು ಕೂಡಿಸಿದರು. ನಸುಟಾ ಅನ್ನುವ ನೊಣಕ್ಕೆ 8 ಕ್ರೋಮೋಸೋಮು, ಆಲ್ಬೋಮಿಕನ್ಸ್ ಅನ್ನುವುದಕ್ಕೆ 6. ಲೆಕ್ಕವೇ ಬೇರೆ, ಆದರೂ ಅವುಗಳ ಮರಿಗಳಿಗೆ ಮರಿ ಆಯಿತು. ತಲೆಮಾರು ತಲೆಮಾರು ಬಾಟಲಿಯಲ್ಲಿ ಸಾಕುತ್ತಾ ಹೋದಾಗ ಎರಡೂ ಕಡೆಯ ಕ್ರೋಮೋಸೋಮು ಬೆರೆತ ಹೊಸ ತಳಿಗಳು ನೆಲೆ ನಿಂತವು. ಅವಕ್ಕೆ ಸೈಟೋರೇಸ್ ಅಂತ ಹೆಸರಿಟ್ಟರು. ಹೊಸ ಜೀವಜಾತಿ ಹುಟ್ಟುವ ಮೊದಲ ಹೆಜ್ಜೆ ಹೇಗಿರಬಹುದು ಅನ್ನುವ ಪ್ರಶ್ನೆಗೆ ಬೆಲ್ಲದ ಬಾಟಲಿ, ಮೈಕ್ರೋಸ್ಕೋಪು ಇಟ್ಟುಕೊಂಡು ಕೈ ಹಾಕಿದ್ದು ರಾಜ್ಯದ ಒಂದು ಯೂನಿವರ್ಸಿಟಿಯವರು.

ಈಗ ಪರೀಕ್ಷೆ. ಮುಖ್ಯವಾದದ್ದು ಸಿಎಸ್‌ಐಆರ್-ಯುಜಿಸಿ ನೆಟ್, ಲೈಫ್ ಸೈನ್ಸಸ್. ಸಂಶೋಧನೆಯ ಫೆಲೋಶಿಪ್ಪಿಗೂ (ಜೆಆರ್‌ಎಫ್), ಕಾಲೇಜಿನಲ್ಲಿ ಪಾಠ ಮಾಡುವುದಕ್ಕೂ ಇರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಇದು. ಎಂ.ಎಸ್ಸಿ ಕೊನೆಯ ವರ್ಷದಲ್ಲೇ ಬರೆಯಬಹುದು. 200 ಅಂಕ, 3 ಗಂಟೆ. ಎ ಭಾಗ ಸಾಮಾನ್ಯ ಲೆಕ್ಕ, ತರ್ಕ. ನಮ್ಮವರು ಇದನ್ನು ಕಡೆಗಣಿಸಿ 30 ಅಂಕ ಸುಮ್ನೆ ಕಳೆದುಕೊಳ್ಳುತ್ತಾರೆ. ಬಿ ಭಾಗ ಓದಿ ನೆನಪಿಟ್ಟಿದ್ದು. ಸಿ ಭಾಗದಲ್ಲಿ 25 ಪ್ರಶ್ನೆಗೆ 100 ಅಂಕ, ಅಲ್ಲಿಯೇ ಜೆಆರ್‌ಎಫ್ ಸಿಗುವುದು, ತಪ್ಪುವುದು. ಅಲ್ಲಿ ಪ್ರಯೋಗದ ಫಲಿತಾಂಶ ಕೊಟ್ಟು ಇದರಿಂದ ಏನು ಅರ್ಥವಾಗುತ್ತದೆ ಅಂತ ಕೇಳುತ್ತಾರೆ. ಒಂದು ಜೆಲ್ ಓಡಿಸಿದವರಿಗೂ ಓಡಿಸದವರಿಗೂ ವ್ಯತ್ಯಾಸ ಕಾಣುವುದು ಇಲ್ಲಿ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಹೆಣ್ಣುಮಕ್ಕಳಿಗೆ 5 ವರ್ಷದ ಸಡಿಲಿಕೆಯೂ ಇದೆ.

ಅದರ ಜೊತೆಗೆ ಗೇಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪೇಪರ್ ಬರೆಯಿರಿ, ಅದರಲ್ಲಿ ಪ್ರಾಣಿಶಾಸ್ತ್ರದ ವಿಭಾಗ ಇದೆ, ಆದರೆ ಕೆಮಿಸ್ಟ್ರಿಯೂ ಕಡ್ಡಾಯ. ಬಯೋಟೆಕ್ನಾಲಜಿ ಇಲಾಖೆಯ ಜೆಆರ್‌ಎಫ್‌ಗೆ ಬೆಟ್ ಅಂತ ಬೇರೆ ಪರೀಕ್ಷೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಬೇಕಾದರೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ನಡೆಸುವ ಪರೀಕ್ಷೆ ಇದೆ, ಹುಡುಗರು ಜೆಜೀಬಿಲ್ಸ್ ಅಂತಾರೆ. ಅದರಲ್ಲಿ ಕಂಠಪಾಠ ಕೆಲಸಕ್ಕೆ ಬರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಇವೂ ಇವೆ. ಎಲ್ಲ ಕಡೆಯೂ ಕೊನೆಗೆ ಇಂಟರ್‌ವ್ಯೂ.

"ನಮ್ಮಂಥ ಕಡೆ ಓದಿದವರನ್ನ ತಗೋತಾರಾ" ಅಂದಿರಲ್ಲ, ಆ ಇಂಟರ್‌ವ್ಯೂ ಮೇಜಿನ ಆಚೆ ಕೂತು ನೋಡಿದ್ದೇನೆ. ಕಾಲೇಜಿನ ಹೆಸರು ಮೊದಲ ಐದು ನಿಮಿಷ ಮಾತ್ರ ನೆನಪಿರುತ್ತದೆ. ನಾವು ಕೇಳುವುದು ಹೀಗೆ: "ಒಂದು ಪ್ರೋಟೀನ್ ನ್ಯೂಕ್ಲಿಯಸ್ಸಿನ ಒಳಗಿದೆಯೋ ಹೊರಗಿದೆಯೋ ಹೇಗೆ ಪತ್ತೆ ಮಾಡ್ತೀರಿ?" ಹೆಚ್ಚಿನವರು ಜಿಎಫ್‌ಪಿ ಅಂತಾರೆ. ಅಂದರೆ ಜೆಲ್ಲಿ ಮೀನಿನ ಹಸಿರು ಹೊಳೆಯುವ ಪ್ರೋಟೀನನ್ನು ಬಾಲದ ಹಾಗೆ ಅಂಟಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಸರಿ. ಮುಂದಿನ ಪ್ರಶ್ನೆ: "ಆ ಬಾಲ ಅಂಟಿಸಿದ್ದಕ್ಕೇ ಪ್ರೋಟೀನ್ ಜಾಗ ಬದಲಿಸಿದ್ದರೆ?" ಅಲ್ಲಿ ಅರ್ಧ ಜನ ನಿಂತುಬಿಡುತ್ತಾರೆ. ಕಳೆದ ಸಲ ಒಬ್ಬ ಹುಡುಗ ಮುರುಕು ಇಂಗ್ಲಿಷಿನಲ್ಲೇ, "ಬಾಲವನ್ನು ಇನ್ನೊಂದು ತುದಿಗೆ ಅಂಟಿಸಿ ನೋಡ್ತೀನಿ, ಬಾಲ ಇಲ್ಲದ್ದನ್ನ ಆಂಟಿಬಾಡಿಯಿಂದ ನೋಡ್ತೀನಿ, ಎರಡೂ ಒಂದೇ ಹೇಳಿದ್ರೆ ನಂಬ್ತೀನಿ" ಅಂದ. ತಗೊಂಡೆವು. ಅವನ ಕಾಲೇಜು ಯಾವುದು ಅಂತ ಈಗ ನನಗೆ ನೆನಪಿಲ್ಲ.

ಜಿಎಫ್‌ಪಿ ಮಾತು ಬಂದಿದ್ದಕ್ಕೆ ನಿಮ್ಮ ಅಪ್ಪನ ಆತಂಕಕ್ಕೆ ಬರುತ್ತೇನೆ. ಆ ಹೊಳೆಯುವ ಪ್ರೋಟೀನಿನ ಜೀನನ್ನು ಮೊದಲು ಕ್ಲೋನ್ ಮಾಡಿದ್ದು ಡಗ್ಲಸ್ ಪ್ರೇಷರ್ ಅನ್ನುವ ಅಮೆರಿಕದ ವಿಜ್ಞಾನಿ, ವುಡ್ಸ್ ಹೋಲ್‌ನಲ್ಲಿ. 1992ರಲ್ಲಿ ಪ್ರಕಟಿಸಿದರು. ಮುಂದಿನ ಕೆಲಸಕ್ಕೆ ಅನುದಾನ ಸಿಗಲಿಲ್ಲ. ಕೇಳಿದ ಇಬ್ಬರಿಗೆ, ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಸಿಯೆನ್‌ಗೆ, ಜೀನ್ ಕಳಿಸಿಕೊಟ್ಟು ಆ ಕೆಲಸ ಬಿಟ್ಟರು. 2008ರಲ್ಲಿ ಆ ಇಬ್ಬರಿಗೂ ಒಸಾಮು ಶಿಮೊಮುರಾ ಅವರಿಗೂ ನೊಬೆಲ್ ಬಂತು. ಆ ಹೊತ್ತಿಗೆ ಪ್ರೇಷರ್ ಅಲಬಾಮಾದ ಒಂದು ಕಾರ್ ಡೀಲರ್ ಹತ್ತಿರ ಗಿರಾಕಿಗಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಗೆದ್ದವರು ಖರ್ಚು ಹಾಕಿ ಅವರನ್ನು ಸ್ಟಾಕ್‌ಹೋಮ್‌ಗೆ ಕರೆಸಿದರು. ಕೆಲವು ವರ್ಷದ ಮೇಲೆ ಸಿಯೆನ್ ಲ್ಯಾಬಿನಲ್ಲೇ ಅವರಿಗೆ ಕೆಲಸವೂ ಸಿಕ್ಕಿತು. ಕೆಲಸ ಚೆನ್ನಾಗಿದ್ದರೂ ದುಡ್ಡು ನಿಂತರೆ ಹೀಗಾಗುತ್ತದೆ. ಅಪ್ಪ ಹೇಳೋದು ಪೂರ್ತಿ ತಪ್ಪಲ್ಲ.

ಲೆಕ್ಕ ನೋಡೋಣ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ಮೇಲೆ ಎಸ್‌ಆರ್‌ಎಫ್, ಅಂದರೆ ಸೀನಿಯರ್ ಫೆಲೋ, ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ದುಡ್ಡು ತಡವಾಗಿ ಬರುವುದು ಹೊಸದೇನಲ್ಲ, ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಬೇಕು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6, ಅದರ ಮೇಲೆ ಮರುನೋಂದಣಿ ಮಾಡಿಸಿ 2, ಹೆಣ್ಣುಮಕ್ಕಳಿಗೆ ಇನ್ನೂ 2. ನಮ್ಮ ವಿಷಯದಲ್ಲಿ ಮೂರಕ್ಕೆ ಮುಗಿಸಿದವರನ್ನು ನಾನು ಕಂಡಿಲ್ಲ. ಐದು, ಆರು ಅಂತ ಇಟ್ಟುಕೊಳ್ಳಿ. ಆಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ ಆದಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ, ಎರಡರಿಂದ ಐದು ವರ್ಷ. ದೇಶದೊಳಗೆ ರಿಸರ್ಚ್ ಅಸೋಸಿಯೇಟ್ ಆದರೆ 58,000ದಿಂದ 67,000. ಅಂದರೆ ಕಾಯಂ ಕೆಲಸ ಅಂತ ಸಿಗುವ ಹೊತ್ತಿಗೆ ನಿಮಗೆ ಮೂವತ್ತಮೂರೋ ಮೂವತ್ತೈದೋ ಆಗಿರುತ್ತದೆ. ಮದುವೆ, ಮಕ್ಕಳು, ಅಪ್ಪ ಅಮ್ಮನ ಆರೋಗ್ಯ ಎಲ್ಲ ಇದೇ ವರ್ಷಗಳಲ್ಲಿ ಬರುತ್ತವೆ. ಇದನ್ನು ಮನೆಯಲ್ಲಿ ಈಗಲೇ ಬಾಯಿಬಿಟ್ಟು ಮಾತಾಡಿ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಫೆಲೋಶಿಪ್ ಇಲ್ಲದೆ ಸೇರಬೇಡಿ. "ಈಗ ಸೇರ್ಕೋ, ಆಮೇಲೆ ಏನಾದ್ರೂ ಮಾಡೋಣ" ಅನ್ನುವ ಗೈಡ್‌ಗಳು ಒಳ್ಳೆಯವರೇ ಇರಬಹುದು. ಆದರೆ ಟ್ಯೂಷನ್ ಹೇಳಿಕೊಂಡು ಸೆಲ್ ಕಲ್ಚರ್ ಮಾಡೋಕಾಗಲ್ಲ. ಸೆಲ್‌ಗಳಿಗೆ ಭಾನುವಾರ ಇಲ್ಲ.

ಸಂಸ್ಥೆಗಿಂತ, ವಿಷಯಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಗೈಡ್ ಬಗ್ಗೆ. ನಾನು ಮೊದಲು ಸೇರಿದ ಲ್ಯಾಬ್ ಯಾವುದು ಅಂತ ಹೇಳುವುದಿಲ್ಲ. ಕಟ್ಟಡ ಚೆನ್ನಾಗಿತ್ತು, ಹೆಸರೂ ಇತ್ತು. ಹದಿನಾಲ್ಕು ತಿಂಗಳಲ್ಲಿ ಗೈಡ್ ನನ್ನ ಡೇಟಾ ನೋಡಿದ್ದು ಎರಡು ಸಲ. ಫ್ರಿಜ್ಜಿನಲ್ಲಿ ಅವಧಿ ಮೀರಿದ ಎಂಜೈಮುಗಳು, ನನಗಿಂತ ಮುಂಚೆ ಸೇರಿದ ಇಬ್ಬರಿಗೆ ಏಳನೇ ವರ್ಷ. ಬಿಟ್ಟು ಬಂದೆ. ಆ ಹದಿನಾಲ್ಕು ತಿಂಗಳು ಯಾವ ಲೆಕ್ಕಕ್ಕೂ ಬರಲಿಲ್ಲ. ಸೇರುವ ಮೊದಲು ಒಂದು ಸಲ ಆ ಲ್ಯಾಬಿನ ಹುಡುಗ ಹುಡುಗಿಯರ ಜೊತೆ ಕ್ಯಾಂಟೀನಿನಲ್ಲಿ ಕೂತಿದ್ದರೆ ಎಲ್ಲ ಗೊತ್ತಾಗುತ್ತಿತ್ತು. ನೀವು ಕೂರಿ, ಗೈಡ್ ಜೊತೆಗಿಲ್ಲದಾಗ. ಕೊನೆಯದಾಗಿ ಥೀಸಿಸ್ ಕೊಟ್ಟವರು ಯಾವಾಗ ಕೊಟ್ಟರು, ಎಷ್ಟನೇ ವರ್ಷಕ್ಕೆ? ನಡುವೆ ಬಿಟ್ಟು ಹೋದವರು ಎಷ್ಟು ಜನ? ಪೇಪರಿನಲ್ಲಿ ಮೊದಲ ಹೆಸರು ಕೆಲಸ ಮಾಡಿದವರದ್ದೇ ಇರುತ್ತದಾ? ರಜೆ ಕೇಳಿದರೆ ಮುಖ ಹೇಗಾಗುತ್ತದೆ? ಈ ಕೊನೆಯ ಪ್ರಶ್ನೆಗೆ ಅವರು ಬಾಯಿಂದ ಏನು ಹೇಳುತ್ತಾರೆ ಅನ್ನೋದಕ್ಕಿಂತ ಒಬ್ಬರನ್ನೊಬ್ಬರು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದನ್ನ ಗಮನಿಸಿ.

ಕೆಲಸ ಸಿಗತ್ತಾ ಅಂದಿರಿ. ಯೂನಿವರ್ಸಿಟಿ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಯುಜಿಸಿ ವೇತನದಲ್ಲಿ ಮೂಲ ಸಂಬಳ 57,700ದಿಂದ ಶುರು. ಸಂಬಳ ಚೆನ್ನಾಗಿದೆ, ನೇಮಕಾತಿ ಅಪರೂಪ. ನಮ್ಮ ರಾಜ್ಯದ ಯೂನಿವರ್ಸಿಟಿಗಳಲ್ಲಿ ಖಾಲಿ ಹುದ್ದೆಗಳು ವರ್ಷಗಟ್ಟಲೆ ತುಂಬದೆ ಅತಿಥಿ ಉಪನ್ಯಾಸಕರಿಂದ ಪಾಠ ಸಾಗುತ್ತಿರುವುದು ನಿಮಗೇ ಗೊತ್ತು, ಬಹುಶಃ ನಿಮಗೆ ಪಾಠ ಮಾಡುವವರೂ ಅವರೇ. ಹಾಗಾಗಿ ಯೂನಿವರ್ಸಿಟಿ ಒಂದನ್ನೇ ನಂಬಿ ಪಿಎಚ್.ಡಿಗೆ ಹೋಗಬೇಡಿ. ಒಂದು ಸಮಾಧಾನದ ವಿಷಯ ಇದೆ. 2023ರ ಜುಲೈಯಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ ಅಥವಾ ಕೆಸೆಟ್ (ಕರ್ನಾಟಕದ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಸಾಕು, ಪಿಎಚ್.ಡಿ ಕಡ್ಡಾಯ ಅಲ್ಲ. ನಿಮಗೆ ಪಾಠ ಮಾಡುವುದೇ ಇಷ್ಟ ಅಂತಾದರೆ ಆರು ವರ್ಷ ಪಿಪೆಟ್ ಹಿಡಿಯಬೇಕಾಗಿಲ್ಲ. ಕೆಸೆಟ್ ಬರೆದು ಪದವಿ ಕಾಲೇಜಿನ ನೇಮಕಾತಿಗೆ ತಯಾರಾಗಿ. ಅಪ್ಪನ ಬಿ.ಎಡ್‌ಗಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ.

ಕೈ ಪಳಗಿದವರಿಗೆ ಹೊರಗೂ ದಾರಿ ಇದೆ. ಬೆಂಗಳೂರಿನಲ್ಲಿ ಬಯೋಕಾನ್, ಸಿಂಜಿನ್ ತರದ ಕಂಪನಿಗಳಿವೆ. ಬೇರೆ ಲ್ಯಾಬುಗಳಿಗೆ ದೊಡ್ಡ ಯಂತ್ರಗಳ ಸೇವೆ ಕೊಡುವ ಸಿ-ಕ್ಯಾಂಪ್ ತರದ ಕಡೆ ಮೈಕ್ರೋಸ್ಕೋಪು, ಡಿಎನ್‌ಎ ಅಕ್ಷರ ಓದುವ ಸೀಕ್ವೆನ್ಸಿಂಗ್ ನಡೆಸುವವರು ಬೇಕು. ಸೆಲ್ ಕಲ್ಚರ್ ಶುದ್ಧವಾಗಿ ಮಾಡುವ, ಒಂದೊಂದೇ ಸೆಲ್ಲನ್ನು ಅಳೆಯುವ ಫ್ಲೋ ಸೈಟೋಮೀಟರ್ ಓಡಿಸಬಲ್ಲ ಎಂ.ಎಸ್ಸಿಯವರು ಪಿಎಚ್.ಡಿ ಇಲ್ಲದೆಯೂ ಕೆಲಸ ಹಿಡಿದಿದ್ದನ್ನು ನೋಡಿದ್ದೇನೆ. ಜೊತೆಗೆ ಸ್ವಲ್ಪ ಕೋಡಿಂಗ್, ಆರ್ ಅಥವಾ ಪೈಥಾನ್, ಕಲಿತುಬಿಡಿ.

ವಿದೇಶದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಅಮೆರಿಕದ ಪಿಎಚ್.ಡಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ರೊಟೇಷನ್. ಬರ್ಕ್ಲಿಯ ಮಾಲಿಕ್ಯುಲರ್ ಅಂಡ್ ಸೆಲ್ ಬಯಾಲಜಿ ವಿಭಾಗದಲ್ಲಿ ಮೊದಲ ವರ್ಷ ಮೂರು ಲ್ಯಾಬುಗಳಲ್ಲಿ ಸ್ವಲ್ಪ ಸ್ವಲ್ಪ ಕಾಲ ಕೂತು, ಆಮೇಲೆ ಗೈಡ್ ಆರಿಸಿಕೊಳ್ಳುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಇದ್ದ ಹಾಗೆ, ಆದರೆ ಇಲ್ಲಿ ಎರಡೂ ಕಡೆಯವರಿಗೆ ಬೇಡ ಅನ್ನುವ ಹಕ್ಕಿದೆ. ನಾನು ಹೇಳುವ ಆರು ತಿಂಗಳು ಅದರದ್ದೇ ಬಡವರ ಆವೃತ್ತಿ. 2025ರಲ್ಲಿ ಅಲ್ಲಿ ಸರ್ಕಾರದ ಅನುದಾನ ಅಲ್ಲಾಡಿ, ಹಲವು ಕಡೆ ಬಯಾಲಜಿ ಪಿಎಚ್.ಡಿ ಸೀಟು ಕಡಿಮೆ ಮಾಡಿದರು. ಅದಕ್ಕೇ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು, ಹೈಡಲ್‌ಬರ್ಗ್‌ನಲ್ಲಿರುವ ಯುರೋಪಿನ ಮಾಲಿಕ್ಯುಲರ್ ಬಯಾಲಜಿ ಲ್ಯಾಬ್ ಎಂಬಲ್ ಕಡೆಗೂ ಕಣ್ಣಿಡಿ. ಎಂ.ಎಸ್ಸಿ ಆದವರು ಅಲ್ಲಿ ಪಿಎಚ್.ಡಿಗೆ ಅರ್ಜಿ ಹಾಕಬಹುದು.

ಈಗ ಮಾಡಬೇಕಾದ್ದು. ನಾಳೆ ಡಿಪಾರ್ಟ್‌ಮೆಂಟಿಗೆ ಹೋದಾಗ ಆ ಪಿಸಿಆರ್ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಕೇಳಿ. ನಿಮ್ಮಲ್ಲಿ ಪಿಎಚ್.ಡಿ ಮಾಡುತ್ತಿರುವವರು ಒಬ್ಬರಾದರೂ ಇರುತ್ತಾರೆ. ಅವರ ಜೊತೆ ಒಂದು ಮಧ್ಯಾಹ್ನ ನಿಂತುಕೊಳ್ಳಿ, ಟಿಪ್ ಜೋಡಿಸಿ ಕೊಡಿ, ಜೆಲ್ ಎರೆದು ಕೊಡಿ. ಬೇಡ ಅನ್ನುವವರು ಕಡಿಮೆ.

ಆಮೇಲೆ ಪ್ರಾಜೆಕ್ಟಿಗಾಗಿ ಲ್ಯಾಬುಗಳಿಗೆ ಪತ್ರ ಬರೆಯಿರಿ. ನನಗೆ ವಾರಕ್ಕೆ ಇಂಥ ಹತ್ತಾರು ಮೇಲ್ ಬರುತ್ತವೆ. ಗೌರವಾನ್ವಿತ ಸರ್ ಅಂತ ಶುರುವಾಗುತ್ತವೆ, ನಾನು ಹೆಂಗಸು ಅಂತ ನೋಡುವ ತಾಳ್ಮೆಯೂ ಇರುವುದಿಲ್ಲ. ಒಂದೇ ಪತ್ರ ಐವತ್ತು ಜನಕ್ಕೆ ಹೋಗಿರುತ್ತದೆ. ನೀವು ಐದೇ ಜನರನ್ನು ಆರಿಸಿ. ಒಬ್ಬೊಬ್ಬರ ಒಂದೊಂದು ಪೇಪರ್ ಓದಿ, ಅರ್ಥವಾಗದ ಒಂದು ಚಿತ್ರದ ಬಗ್ಗೆ ಒಂದು ಪ್ರಶ್ನೆ ಕೇಳಿ. ಪಿಸಿಆರ್ ಮಾಡಿಲ್ಲದಿದ್ದರೆ ಮಾಡಿಲ್ಲ ಅಂತಲೇ ಬರೆಯಿರಿ. ಹತ್ತು ಸಾಲು ಮೀರಬೇಡಿ. ಹತ್ತು ದಿನ ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸಿ, ಸಂಕೋಚ ಬೇಡ. ಮೊದಲನೆಯದನ್ನು ನಾವು ಬಸ್ಸಿನಲ್ಲಿ ಓದಿ ಮರೆತಿರುತ್ತೇವೆ. ನನ್ನ ಲ್ಯಾಬಿಗೆ ಈಗ ಬರುತ್ತಿರುವ ಇಬ್ಬರು ಪ್ರಾಜೆಕ್ಟ್ ವಿದ್ಯಾರ್ಥಿಗಳೂ ಎರಡನೇ ಮೇಲ್ ಬರೆದವರೇ.